ಡಬ್ಬಿಗೂ ಸೆಕೆ ಆಯ್ತದೆ ಕಣ್ರವ್ವ: ಮೋಡೆಮ್ಮು ತಣ್ಣಗೆ ಮಡಗೋ ಕಥೆ

ಈಗ ಹಾಸನದಲ್ಲಿ ಯಾರ ಮನೆಗೆ ಹೋದ್ರೂ ಟೀವಿ ಪಕ್ಕದಲ್ಲೋ, ಬಾಗ್ಲು ಮೇಲಿನ ಗೋಡೆಯಲ್ಲೋ ಒಂದು ಬಿಳೀ ಡಬ್ಬಿ ಇದ್ದೇ ಇರ್ತದೆ. ಎರಡೋ ನಾಲ್ಕೋ ಕೊಂಬು, ಮುಂದೆ ಪಿಳಿಪಿಳಿ ಅನ್ನೋ ಹಸಿರು ದೀಪ. ನಾವು ಅದಕ್ಕೆ ವೈಫೈ ಅಂತೀವಿ, ಮಕ್ಕಳು ರೂಟರ್ ಅಂತಾರೆ. ಈಚೆಗೆ ಕೆಲವರ ಮನೇಲಿ ಆ ಡಬ್ಬಿ ಕೆಳಗೆ ಒಂದು ಪುಟ್ಟ ಫ್ಯಾನು, ಇಲ್ಲಾ ಅದರ ಬೆನ್ನಿಗೆ ಬಾಚಣಿಗೆ ಹಲ್ಲಿನಂಥ ಅಲ್ಯೂಮಿನಿಯಂ ತಗಡು ಕಾಣ್ತಾ ಐತೆ. "ಮನುಷ್ಯರಿಗೇ ಕರೆಂಟಿಲ್ಲ, ಇನ್ನು ಡಬ್ಬಿಗೂ ಗಾಳಿ ಬೀಸ್ಬೇಕಾ" ಅಂತ ನಮ್ಮ ಓರಗಿತ್ತಿ ನಗಾಡ್ತಾರೆ. "ನಮ್ಮನೇದು ಕೈ ಇಡೋಕಾಗಲ್ಲ ಅಕ್ಕ, ಹೆಂಚಿನಂಗೆ ಸುಡ್ತದೆ, ಏನ್ಮಾಡ್ಲಿ" ಅಂತ ಪಕ್ಕದ ಮನೆಯವರು ಕೇಳ್ತಾರೆ. ಇಬ್ಬರಿಗೂ ಸೇರಿಸಿ ಈ ಬರಹ. ಪಿಯುಸಿಯಲ್ಲಿ ಓದಿದ್ದ ವಸಿ ವಿಜ್ಞಾನ, ಆಮೇಲೆ ಪೇಪರಲ್ಲೂ ಪುಸ್ತಕದಲ್ಲೂ ಓದಿದ್ದು, ಅಡುಗೆಮನೇಲಿ ಕಣ್ಣಾರೆ ಕಂಡಿದ್ದು, ಎಲ್ಲ ಕಲಸಿ ಬರೀತಿದೀನಿ.

ಮೊದಲು ಒಂದು ಮಾತು. ಡಬ್ಬಿ ಬಿಸಿ ಆಗೋದು ಕೆಟ್ಟೋಗಿದೆ ಅನ್ನೋದಕ್ಕೆ ಗುರುತಲ್ಲ. ಯಾವ ಯಂತ್ರಾನೇ ಆಗ್ಲಿ, ಕುಡಿದ ಕರೆಂಟು ಹೆಚ್ಚುಕಮ್ಮಿ ಎಲ್ಲಾನೂ ಕೊನೆಗೆ ಶಾಖವಾಗೇ ಹೊರಗೆ ಬರಬೇಕು. ನಿಮ್ಮ ರೂಟರಿನ ಅಡಾಪ್ಟರ್ ತಿರುಗಿಸಿ ನೋಡಿ, 12 ವೋಲ್ಟ್, 1 ಆಂಪಿಯರ್ ಅಂತ ಬರೆದಿದ್ರೆ ಅದು ಹೆಚ್ಚಂದ್ರೆ 12 ವ್ಯಾಟ್ ಕೊಡ್ತದೆ. ಹಿಂದೆ ನಾವೆಲ್ಲ ಮಲಗೋ ಕೋಣೆಗೆ ಹಾಕ್ತಿದ್ದ ಝೀರೋ ಬಲ್ಬು ನೆನಪಿದೆಯಾ? ಹೆಸರಿಗೆ ಝೀರೋ, ಉರಿಸ್ತಿದ್ದದ್ದು ಸುಮಾರು 15 ವ್ಯಾಟು. ಅಂಥದ್ದೊಂದು ಬಲ್ಬನ್ನ ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕಿ, ಮುಚ್ಚಳ ಮುಚ್ಚಿ, ಹಗಲೂ ರಾತ್ರಿ ಆರಿಸದೆ ಬಿಟ್ಟರೆ ಹೆಂಗಿರ್ತದೋ ರೂಟರಿನ ಬದುಕು ಹೆಚ್ಚುಕಮ್ಮಿ ಹಂಗೇ.

ಬಿಸಿ ಯಂತ್ರ ಅನ್ನೋದು ನಮ್ಮ ಕಾಲದ್ದಲ್ಲ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೇಲೇ ಒಂದು ಪುಟ್ಟ ರೇಡಿಯೋ ಕೇಂದ್ರ ಶುರು ಮಾಡಿದ್ರು. ಅವರು ಪಾಠ ಮಾಡ್ತಿದ್ದದ್ದು ಮನಃಶಾಸ್ತ್ರ, ಆಸೆ ಇದ್ದದ್ದು ರೇಡಿಯೋ ಮೇಲೆ. "ಆಕಾಶವಾಣಿ" ಅನ್ನೋ ಹೆಸರು ಬಂದದ್ದೇ ಆ ಮನೆಯಿಂದ. ಅವರ ಟ್ರಾನ್ಸ್‌ಮಿಟರ್ ಬರೀ 30 ವ್ಯಾಟಿನದು. ಆಗಿನ ರೇಡಿಯೋ ಎಲ್ಲ ವಾಲ್ವಿನವು, ಅಂದ್ರೆ ಗಾಜಿನ ಬುರುಡೆಯವು. ಆ ಬುರುಡೆಯೊಳಗಿನ ತಂತಿ ಕೆಂಪಗೆ ಕಾದರೇನೇ ಕೆಲಸ ನಡೀತಿದ್ದದ್ದು. ನಮ್ಮ ತವರಿನಲ್ಲಿ ಇದ್ದ ಹಳೇ ರೇಡಿಯೋ ಗುಂಡಿ ತಿರುಗಿಸಿದ ತಕ್ಷಣ ಮಾತಾಡ್ತಿರಲಿಲ್ಲ, ಕಾಯೋಕೆ ಅರ್ಧ ನಿಮಿಷ ತಗೊಂಡು ಆಮೇಲೆ ಗೊರಗೊರ ಅಂತಿತ್ತು. ಚಳಿಗಾಲದಲ್ಲಿ ಬೆಕ್ಕು ಹೋಗಿ ಅದರ ಮೇಲೆ ಮಲಗ್ತಿತ್ತು. ಹಿಂದುಗಡೆ ರಟ್ಟಿನ ಹಲಗೆಗೆ ತೂತು ತೂತು ಕೊರೆದಿದ್ದದ್ದು ಅಂದಕ್ಕಲ್ಲ, ಬಿಸಿ ಗಾಳಿ ಆಚೆ ಹೋಗಲಿ ಅಂತ. ಶಾಖ ತಪ್ಪಿಸೋಕೆ ಮನೆಗಳು ಕಂಡ ಮೊದಲ ಉಪಾಯ ಆ ತೂತುಗಳೇ.

ಅದೇ ವಾಲ್ವುಗಳನ್ನ ಸಾವಿರಗಟ್ಟಲೆ ಸೇರಿಸಿದ್ರೆ ಏನಾಗ್ತದೆ ಅಂತ ಅಮೆರಿಕದವರು 1946ರಲ್ಲಿ ತೋರಿಸಿದ್ರು. ಎನಿಯಾಕ್ ಅಂತ ಒಂದು ದೊಡ್ಡ ಕಂಪ್ಯೂಟರು, ಸುಮಾರು 18,000 ವಾಲ್ವು, ಕುಡೀತಿದ್ದದ್ದು ಸುಮಾರು 150 ಕಿಲೋವ್ಯಾಟು. ಒಂದು ರೂಮಿನ ತುಂಬಾ ಅದೇ. ಗಾಳಿ ಊದೋ ದೊಡ್ಡ ದೊಡ್ಡ ಬ್ಲೋವರ್ ಇಲ್ಲದೇ ಹೋದ್ರೆ ಅದು ತನ್ನ ಶಾಖದಲ್ಲಿ ತಾನೇ ಬೆಂದು ಹೋಗ್ತಿತ್ತು. 1947ರ ಕೊನೇಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದಕ್ಕೆ ಕಾಯೋದೂ ಬೇಡ, ಕೆಂಪಗಾಗೋದೂ ಬೇಡ. ಅಬ್ಬ, ಬಿಸಿಯ ಕಾಟ ತೀರಿತು ಅಂತ ಎಲ್ಲರಿಗೂ ಅನ್ನಿಸಿರಬೇಕು. ಆದರೆ ಟ್ರಾನ್ಸಿಸ್ಟರು ಚಿಕ್ಕದಾದಂಗೆಲ್ಲ ಜನ ಒಂದೇ ಉಗುರಗಲ ಜಾಗದಲ್ಲಿ ಲಕ್ಷ, ಕೋಟಿ ಲೆಕ್ಕದಲ್ಲಿ ತುಂಬ್ತಾ ಹೋದ್ರು. ಒಂದೊಂದರ ಬಿಸಿ ಕಮ್ಮಿ, ಒಟ್ಟು ಬಿಸಿ ಮತ್ತೆ ಅಲ್ಲಿಗೇ ಬಂತು.

ಈಗ ನಮ್ಮ ಕಡೆ ಟೆಲಿಫೋನಿಗೆ ಬರೋಣ. ಬೆಂಗಳೂರಿನ ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆ ಶುರುವಾದದ್ದು 1948ರಲ್ಲಿ. ಕರೀ ಫೋನು, ಬೆರಳು ಹಾಕಿ ತಿರುಗಿಸೋ ಡಯಲ್ಲು ನಮ್ಮ ವಯಸ್ಸಿನವರಿಗೆಲ್ಲ ನೆನಪಿರ್ತದೆ. ಬೆಂಗಳೂರಿಗೆ ಮಾತಾಡ್ಬೇಕಂದ್ರೆ ಟ್ರಂಕಾಲ್ ಬುಕ್ ಮಾಡಿ, ಅಡುಗೆ ಮುಗಿಸಿ, ಪಾತ್ರೆ ತೊಳೆದು, ಫೋನಿನ ತಾವ ಕಾಯ್ತಾ ಕೂರಬೇಕಿತ್ತು. ಆಗಿನ ಎಕ್ಸ್‌ಚೇಂಜ್ ಅಂದ್ರೆ ಕಟಕಟ ಅಂತ ಕುಣಿಯೋ ಕಬ್ಬಿಣದ ಯಂತ್ರ, ಅದಕ್ಕೆ ಧೂಳು ಶತ್ರು. ಆಮೇಲೆ ಬಂದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜಿಗೆ ಧೂಳಿನ ಜೊತೆ ಸೆಕೆಯೂ ಶತ್ರುವಾಯ್ತು. ಪರದೇಶದಿಂದ ಬಂದ ಯಂತ್ರಗಳು ತಣ್ಣನೆ ಊರಿನಲ್ಲಿ ಹುಟ್ಟಿದವು. ಅವುಕ್ಕೆ ಏಸಿ ರೂಮು ಬೇಕು, ಚಪ್ಪಲಿ ಆಚೆ ಬಿಡಬೇಕು, ಬಾಗ್ಲು ಮುಚ್ಚಿರಬೇಕು. ಪಟ್ಟಣದಲ್ಲಾದ್ರೆ ಸರಿ. ಕರೆಂಟು ಯಾವಾಗ ಬರ್ತದೆ, ಯಾವಾಗ ಹೋಗ್ತದೆ ಅಂತ ದೇವರಿಗೇ ಗೊತ್ತಿಲ್ಲದ ಹಳ್ಳೀಲಿ ಏಸಿ ಓಡಿಸೋದು ಹೆಂಗೆ? ಏಸಿ ಇಲ್ಲ ಅಂದ್ರೆ ಎಕ್ಸ್‌ಚೇಂಜ್ ಇಲ್ಲ, ಎಕ್ಸ್‌ಚೇಂಜ್ ಇಲ್ಲ ಅಂದ್ರೆ ಹಳ್ಳಿಗೆ ಫೋನಿಲ್ಲ. ಹೆರಿಗೆಗೆ ಗಾಡಿ ಕರೆಸೋಕೂ ಯಾರಾದ್ರೂ ಸೈಕಲ್ ತುಳೀಬೇಕಿತ್ತು.

ಈ ಗಂಟು ಬಿಚ್ಚಿದ್ದು ನಮ್ಮ ಕರ್ನಾಟಕದಲ್ಲೇ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. 1984ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಅನ್ನೋ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಅವರ ಹೆಸರು ನೀವೂ ಕೇಳಿರ್ತೀರಿ. ಜಿ. ಬಿ. ಮೀಮಾಂಸಿಯವರು ಅದರ ನಿರ್ದೇಶಕರಾಗಿದ್ರು. ಕೊಟ್ಟ ಗಡುವು 36 ತಿಂಗಳು, ಕೊಟ್ಟ ದುಡ್ಡು 36 ಕೋಟಿ. ದೆಹಲಿ, ಬೆಂಗಳೂರು ಎರಡೂ ಕಡೆ ಹುಡುಗ ಹುಡುಗೀರು ಕೂತು ಕೆಲಸ ಮಾಡಿದ್ರು. ಅವರು ಮಾಡಿದ ಹಳ್ಳಿ ಎಕ್ಸ್‌ಚೇಂಜಿಗೆ ರ್‍ಯಾಕ್ಸ್ ಅಂತ ಹೆಸರು. 128 ಪೋರ್ಟಿನದು, ಒಂದು ಬೀರುವಿನಷ್ಟು ಅಂದ್ಕೊಳ್ಳಿ. 1986ರ ಜುಲೈನಲ್ಲಿ ಅದನ್ನ ಮೊದಲು ಕೂರಿಸಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ.

ಅದರ ಹೆಚ್ಚುಗಾರಿಕೆ ಏನು ಗೊತ್ತಾ? ಅದಕ್ಕೆ ಏಸಿ ಬೇಡ. ಕಮ್ಮಿ ಕರೆಂಟು ಕುಡಿಯೋ ಚಿಪ್ಪು ಆರಿಸಿದ್ರು, ಹುಟ್ಟೋ ಬಿಸಿ ಮಾಮೂಲಿ ಗಾಳೀಲೇ ಮೇಲಕ್ಕೆ ಏರಿ ಹೋಗೋ ಹಂಗೆ ಜೋಡಿಸಿದ್ರು. ಸೆಕೆ, ಧೂಳು ಎರಡನ್ನೂ ತಡ್ಕೊಂಡು ಹಳ್ಳಿ ಕಟ್ಟಡದ ಒಂದು ಕೋಣೇಲಿ ಸುಮ್ಮನೆ ಕೆಲಸ ಮಾಡ್ತಿತ್ತು. ಊರನ್ನ ಯಂತ್ರಕ್ಕೆ ತಕ್ಕಂಗೆ ತಣ್ಣಗೆ ಮಾಡೋದು ಬಿಟ್ಟು ಯಂತ್ರಾನೇ ಊರಿಗೆ ಹೊಂದೋ ಹಂಗೆ ಕಟ್ಟಿದ್ರು. ಹೊಸ ಸೊಸೆಗೆ ಮನೆ ಹೊಂದ್ಕೋಬೇಕಾ, ಮನೆಗೆ ಸೊಸೆ ಹೊಂದ್ಕೋಬೇಕಾ ಅನ್ನೋ ಹಳೇ ಜಗಳ ಇದ್ದಂಗೆ ಇದು. ಆಮೇಲೆ ಸಾವಿರಾರು ಹಳ್ಳಿಗೆ ಇಂಥವೇ ಹೋದವು. ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ಗಲ್ಫಿಗೋ ಬೊಂಬಾಯಿಗೋ ಹೋದ ಗಂಡನ ಜೊತೆ ಮೀಟರ್ ನೋಡ್ಕೊಂಡು ಎರಡು ನಿಮಿಷ ಮಾತಾಡಿ ಕಣ್ಣೊರೆಸ್ಕೊಂಡು ಆಚೆ ಬಂದ ಹೆಂಗಸರು ಎಷ್ಟು ಜನವೋ.

ಇನ್ನು ನಮ್ಮ ಹಾಸನದ್ದೇ ಒಂದು ಕಥೆ ಐತೆ. ಸಾಲಗಾಮೆ ರಸ್ತೇಲಿ ಹೋಗುವಾಗ ದೊಡ್ಡ ದೊಡ್ಡ ಬಿಳೀ ಬಾಂಡ್ಲಿ ಆಕಾಶಕ್ಕೆ ಮುಖ ಮಾಡಿರೋದು ಎಲ್ಲರೂ ಕಂಡಿದೀವಿ. ಅದು ಇಸ್ರೋದವರ ಎಂಸಿಎಫ್, 1982ರಲ್ಲಿ ಆದದ್ದು. ಇನ್ಸಾಟ್ ಉಪಗ್ರಹಗಳ ಲಗಾಮು ಇರೋದು ಅಲ್ಲೇ. ಉಪಗ್ರಹವೂ ಒಂದು ತರ ರೂಟರೇ. ಇಲ್ಲಿಂದ ಬಂದದ್ದನ್ನ ತಗೊಂಡು ಜೋರು ಮಾಡಿ ಅಲ್ಲಿಗೆ ಕಳಿಸ್ತದೆ. ಅದೂ ಬಿಸಿ ಆಗ್ತದೆ. ಆದರೆ ಅಲ್ಲಿ ಗಾಳೀನೇ ಇಲ್ಲ, ಫ್ಯಾನು ಹಾಕಿದ್ರೆ ಏನು ಬೀಸ್ತದೆ? ಒಲೆ ಮುಂದೆ ಕೂತಾಗ ಮುಟ್ಟದೇನೇ ಮುಖಕ್ಕೆ ಕಾವು ತಾಗ್ತದಲ್ಲ, ಹಂಗೆ ಶಾಖವನ್ನ ಕಿರಣವಾಗಿ ಆಚೆಗೆ ಚೆಲ್ಲೋದೊಂದೇ ದಾರಿ. ಅದಕ್ಕೇ ಉಪಗ್ರಹದ ಉತ್ತರ ದಕ್ಷಿಣದ ಗೋಡೆಗೆ ಕನ್ನಡಿಯಂಥ ಬಿಲ್ಲೆ ಅಂಟಿಸ್ತಾರೆ. ಬಿಸಿಲು ಬಿದ್ರೆ ವಾಪಸ್ ಎಸೀತದೆ, ಒಳಗಿನ ಬಿಸಿ ಆಚೆ ಬಿಡ್ತದೆ.

ಮೊದಮೊದಲ ಇನ್ಸಾಟಿನಲ್ಲಿ ಹವಾಮಾನದ ಚಿತ್ರ ತೆಗೆಯೋ ಕ್ಯಾಮರಾ ಇತ್ತು. ಮೋಡದ ಶಾಖ ಅಳೆಯೋ ಅದರ ಕಣ್ಣು ಮಂಜುಗಡ್ಡೆಗಿಂತ ಎಷ್ಟೋ ತಣ್ಣಗಿರಬೇಕು. ಅದು ಕತ್ತಲ ಆಕಾಶದ ಕಡೆ ಮುಖ ಮಾಡಿ ತಣ್ಣಗಾಗಲಿ ಅಂತ ಆ ಬದಿಗೆ ಸೌರ ಹಲಗೆ ಇಡಲೇ ಇಲ್ಲ, ಎಲ್ಲ ಒಂದೇ ಕಡೆಗೆ ಇಟ್ಟರು. ಒಂದೇ ಕಡೆ ಭಾರ ಹೊತ್ತ ಅಡ್ಡೆಯಂಗೆ ಆಯ್ತು. ಬಿಸಿಲಿನ ಒತ್ತಡಕ್ಕೆ ಉಪಗ್ರಹ ತಿರುಗಿಬಿಡ್ತದೆ ಅಂತ ಇನ್ನೊಂದು ಕಡೆ ಉದ್ದನೆ ಕೋಲಿನ ತುದಿಗೆ ಒಂದು ಹಾಯಿ ಕಟ್ಟಿದ್ರು. 1982ರ ಏಪ್ರಿಲ್‌ನಲ್ಲಿ ಹೋದ ಇನ್ಸಾಟ್-1ಎ ಮೇಲೆ ಆ ಹಾಯಿ ಬಿಚ್ಚಿಕೊಳ್ಳಲೇ ಇಲ್ಲ. ಸೆಪ್ಟೆಂಬರಿನಲ್ಲಿ ಉಪಗ್ರಹ ಕೈಬಿಟ್ಟು ಹೋಯ್ತು. ಮುಂದಿನ ವರ್ಷ ಆಗಸ್ಟ್ 30ಕ್ಕೆ ಹೋದ 1ಬಿ ನಿಂತಿತು, ಊರೂರಿಗೆ ಟೀವಿ ಬಂತು. ಒಂದು ಕಣ್ಣು ತಣ್ಣಗಿಡೋಕೆ ಇಡೀ ಉಪಗ್ರಹದ ಆಕಾರಾನೇ ಬದಲಾಯ್ಸಿದ್ರು ಅಂದ್ರೆ ಶಾಖ ಅನ್ನೋದು ಎಷ್ಟು ದೊಡ್ಡ ಲೆಕ್ಕ ಅಂತ ಯೋಚನೆ ಮಾಡಿ. ನಮ್ಮ ಡಬ್ಬಿಗಾದ್ರೂ ಸುತ್ತ ಗಾಳಿ ಐತೆ, ಪುಣ್ಯ.

ಮೋಡೆಮ್ಮು ಮನೆಗೆ ಬಂದದ್ದು ಯಾವಾಗ? ಫೋನ್ ತಂತೀಲಿ ಹೋಗೋ ಸದ್ದನ್ನ ಕಂಪ್ಯೂಟರಿನ ಲೆಕ್ಕವಾಗಿ, ಲೆಕ್ಕವನ್ನ ಮತ್ತೆ ಸದ್ದಾಗಿ ಬದಲಾಯ್ಸೋದೇ ಮೋಡೆಮ್ಮಿನ ಕೆಲಸ, ದುಭಾಷಿ ಇದ್ದಂಗೆ. 1962ರಲ್ಲಿ ಅಮೆರಿಕದಲ್ಲಿ ಬಂದ ಬೆಲ್ 103 ಅನ್ನೋದು ಸೆಕೆಂಡಿಗೆ 300 ಬಿಟ್ ಕಳಿಸ್ತಿತ್ತು. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಿತು. ಕಿರ್ ಕುಂಯ್ ಅಂತ ಕೂಗೋ ಡಯಲ್-ಅಪ್ಪು, ಅದು ಓಡ್ತಿದ್ರೆ ಫೋನು ಎಂಗೇಜು. 2005ರ ಜನವರೀಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದ ಮೇಲೇ ನಮ್ಮಂಥ ಊರಿನ ಮನೆಗಳಲ್ಲಿ ಮೋಡೆಮ್ಮು ದಿನವಿಡೀ ಹೊತ್ಕೊಂಡು ಇರೋಕೆ ಶುರುವಾದದ್ದು. ಶುರೂಲಿ 256 ಕಿಲೋಬಿಟ್ ವೇಗ. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸ್ಕೊಂಡ್ರೂ ಲೆಕ್ಕ ಇಲ್ಲ ಅನ್ನೋ ಪ್ಲಾನ್ ಇತ್ತು, ಹುಡುಗರು ಅಲಾರಂ ಇಟ್ಟು ಎದ್ದು ಸಿನಿಮಾ ಇಳಿಸೋರು. ಬೆಳಿಗ್ಗೆ ಕಸ ಗುಡಿಸುವಾಗ ಮುಟ್ಟಿದ್ರೆ ಮೋಡೆಮ್ಮು ಬೆಚ್ಚಗೆ.

ಆಗ ಮೋಡೆಮ್ಮು ಬೇರೆ, ವೈಫೈ ರೂಟರ್ ಬೇರೆ. ಎರಡು ಡಬ್ಬಿ, ಎರಡರ ಬಿಸಿ ಬೇರೆ ಬೇರೆ. ಬರ್ತಾ ಬರ್ತಾ ಎರಡೂ ಒಂದೇ ಡಬ್ಬಿಯೊಳಗೆ ಸೇರಿದವು. ಒಂದೇ ಕೋಣೇಲಿ ಎರಡು ಒಲೆ ಹಚ್ಚಿದಂಗಾಯ್ತು. 2022ರ ಅಕ್ಟೋಬರ್ 1ಕ್ಕೆ 5ಜಿ ಬಂದ ಮೇಲೆ ಇನ್ನೊಂದು ಸುತ್ತು. ತಂತಿಯೇ ಇಲ್ಲದೆ ಟವರಿಂದ ನೇರವಾಗಿ ಇಂಟರ್‌ನೆಟ್ ತಗೊಳ್ಳೋ ಡಬ್ಬಿಗಳು ಬಂದವು. ಸಿಮ್ಮು ಹಾಕೋ ರೂಟರಿನೊಳಗೆ ಬೆಂಕಿಪೊಟ್ಟಣದಷ್ಟು ಉದ್ದಗಲದ, ಬಿಲ್ಲೆಯಷ್ಟು ತೆಳ್ಳಗಿನ ಒಂದು ಮೋಡೆಮ್ ಹಲಗೆ ಇರ್ತದೆ, ಸುಮಾರು 52 ಮಿ.ಮೀ. ಉದ್ದ, 30 ಮಿ.ಮೀ. ಅಗಲ. ಟವರಿನ ಜೊತೆ ಮಾತಾಡೋದು ಅದೇ. ಟವರು ಹತ್ತಿರ ಇದ್ರೆ ಮೆಲ್ಲಗೆ ಮಾತಾಡ್ತದೆ. ದೂರ ಇದ್ರೆ, ಆಚೆ ಹೊಲದಲ್ಲಿರೋರನ್ನ ನಾವು ಕೂಗಿ ಕರೆದಂಗೆ, ಜೋರಾಗಿ ಕೂಗ್ತದೆ. ಕೂಗಿದಷ್ಟೂ ಬಿಸಿ. ಹಳ್ಳಿ ಮನೆಗಳಲ್ಲಿ ಈ ಡಬ್ಬಿ ಹೆಚ್ಚು ಕಾಯೋದಕ್ಕೆ ಒಂದು ಕಾರಣ ಇದು.

ಕಾದ್ರೆ ಏನಾಗ್ತದೆ? ಚಿಪ್ಪಿನೊಳಗೇ ಶಾಖ ನೋಡೋ ಒಂದು ಕಣ್ಣು ಇರ್ತದೆ. ಮಿತಿ ದಾಟಿತು ಅಂದ್ರೆ ಅದೇ ತನ್ನ ವೇಗ ತಗ್ಗಿಸ್ಕೊಳ್ತದೆ, ಇನ್ನೂ ಏರಿದ್ರೆ ಲೈನು ಬಿಟ್ಟು ಮತ್ತೆ ಹೊತ್ಕೊಳ್ತದೆ. ಮಟಮಟ ಮಧ್ಯಾಹ್ನ ಉಳೋ ಎತ್ತು ನಿಧಾನ ಆಗಲ್ವಾ, ಹಂಗೆ. ಮನೆ ರೂಟರಿನ ಡಬ್ಬಿ ಮೇಲೆ ಸಾಮಾನ್ಯವಾಗಿ 0ಯಿಂದ 40 ಡಿಗ್ರಿವರೆಗಿನ ಹವೆಯಲ್ಲಿ ಬಳಸಿ ಅಂತ ಬರೆದಿರ್ತಾರೆ. ನಮ್ಮ ಹಾಸನ ತಂಪೂರು, ಕೋಣೇಲಿ ಅಷ್ಟು ಏರೋದು ಅಪರೂಪ. ಆದರೆ ಶೀಟಿನ ಮನೆ ಅಟ್ಟದಲ್ಲಿ ಏಪ್ರಿಲ್ ಮಧ್ಯಾಹ್ನ 40 ದಾಟೋಕೆ ಎಷ್ಟೊತ್ತು? ಬಿಸಿಯಿಂದ ಆಯಸ್ಸೂ ಕಮ್ಮಿ. ಒಳಗಿರೋ ಕೆಪಾಸಿಟರ್ ಅನ್ನೋ ಪುಟ್ಟ ಡಬರಿಗಳು 10 ಡಿಗ್ರಿ ಹೆಚ್ಚಾದ್ರೆ ಅರ್ಧ ಆಯಸ್ಸು ಕಳ್ಕೊಳ್ತವೆ ಅನ್ನೋದು ಆ ಕಸುಬಿನವರ ಅಂದಾಜು ಲೆಕ್ಕ.

ಇದು ಬರೀ ಡಬ್ಬಿ ಮಾತಲ್ಲ ಅಂತ ನನಗೆ ಗೊತ್ತಾದದ್ದು ನಮ್ಮ ನಾದಿನಿ ಮಗಳಿಂದ. ಹೊಳೆನರಸೀಪುರದ ತಾವ ಅವಳ ಗಂಡನ ಮನೆ. ಅತ್ತೆಗೆ ಲಕ್ವ ಹೊಡೆದು ಮಲಗಿದಾರೆ, ಮಗು ಇನ್ನೂ ಎರಡೂವರೆ ವರ್ಷದ್ದು. ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡ್ತಾಳೆ. ಮಾರ್ಚ್ ಆದ ಮೇಲೆ ದಿನಾ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಲೈನು ಬಿಡೋದು, ಸರಿಯಾಗಿ ಮೀಟಿಂಗ್ ಹೊತ್ತಿಗೆ. ದೂರು ಕೊಟ್ರೆ ಹುಡುಗ ಬಂದು ನೋಡೋ ಹೊತ್ತಿಗೆ ಸಾಯಂಕಾಲ, ಎಲ್ಲ ಚೆನ್ನಾಗೇ ಇರೋದು. ಡಬ್ಬಿ ಒಂದು ಸಲ ಬದಲಾಯ್ಸಿದ್ರು, ಅದೂ ಹಂಗೇ. "ಮುಂದಿನ ತಿಂಗಳಿಂದ ಆಫೀಸಿಗೇ ಬನ್ನಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋಬೇಕಾಗ್ತದೆ" ಅಂತ ಮೇಲಿನವರು ಹೇಳಿಬಿಟ್ರು. ಹೋದ್ರೆ ಮಲಗಿರೋ ಅತ್ತೇನ ಯಾರು ನೋಡ್ಬೇಕು? ಬಿಟ್ರೆ ಅತ್ತೆ ಔಷಧಿಗೆ ದುಡ್ಡೆಲ್ಲಿ? ಫೋನು ಮಾಡಿ ಅಳ್ತಾ ಇದ್ಲು. "ಮನೆ ಅಂದ್ಮೇಲೆ ಹೆಣ್ಣುಮಕ್ಕಳೇ ಕೆಲಸ ಬಿಡೋದು ಅಲ್ವಾ ಅತ್ತೆ" ಅಂದ್ಲು. ಆ ಮಾತು ನನಗೆ ನೆಟ್ಟಿತು.

ನಾನು ಕೇಳಿದ್ದು ಒಂದೇ, "ಡಬ್ಬಿ ಎಲ್ಲಿ ಮಡಗಿದೀಯವ್ವ?" ಅಟ್ಟದ ಮೇಲೆ, ಸಿಗ್ನಲ್ ಅಲ್ಲೇ ಚೆನ್ನಾಗಿ ಸಿಗ್ತದೆ ಅಂದ್ಲು. ಮೇಲೆ ಶೀಟು. ಚನ್ನರಾಯಪಟ್ಟಣದ ಕಡೆಯವರಿಗೆ ಅಟ್ಟ ಯಾಕೆ ಅಂತ ಹೇಳ್ಬೇಕಾ? ಕಾಯಿ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿ ಆಗೋದೇ ಅಲ್ಲಿ. ಕೊಬ್ಬರಿ ಒಣಗೋ ಜಾಗದಲ್ಲಿ ಮೋಡೆಮ್ಮು ತಣ್ಣಗೆ ಇರ್ತದಾ? ಅವಳು ಗಂಡನ ಕೈಲಿ ಡಬ್ಬಿ ಇಳಿಸಿ, ಉತ್ತರದ ಕಿಟಕಿ ಪಕ್ಕ ಗೋಡೆ ಹಲಗೆ ಮೇಲೆ ನಿಲ್ಲಿಸಿದ್ಲು. ಅಲ್ಲಿ ಸಿಗ್ನಲ್ ಒಂದು ಕಡ್ಡಿ ಕಮ್ಮಿ. ಕೆಳಗೆ ಕಾಲಿರೋ ತಂತಿ ಸ್ಟ್ಯಾಂಡು, ಅದಕ್ಕೆ ಯುಎಸ್‌ಬಿ ಫ್ಯಾನು. ನಿಜವಾಗ್ಲೂ ಬಿಸಿಯಿಂದಾನೇನಾ ಅಂತ ನೋಡೋಕೆ ಒಂದು ದಿನ ಫ್ಯಾನು ಹಾಕಿ, ಒಂದು ದಿನ ಆರಿಸಿ, ಹತ್ತು ದಿನ ಬುಕ್ಕಿನಲ್ಲಿ ಬರೆದಿಟ್ಲು. ಆರಿಸಿದ ಐದು ದಿನದಲ್ಲಿ ಮೂರು ದಿನ ಲೈನು ಬಿಟ್ಟಿತ್ತು, ಹಾಕಿದ ಐದು ದಿನ ಒಂದು ಸಲವೂ ಇಲ್ಲ. ಆ ಬುಕ್ಕಿನ ಹಾಳೆ ಫೋಟೋ ತೆಗೆದು ಮೇಲಿನವರಿಗೆ ಕಳಿಸಿದ್ಲು. ಇವತ್ತಿಗೂ ಮನೆಯಿಂದಲೇ ಕೆಲಸ ನಡೀತೈತೆ.

ಈ ಸಾಮಾನುಗಳು ಕೆಲಸ ಮಾಡೋದು ಹೆಂಗೆ ಅಂತ ನಮ್ಮ ಅಡುಗೆಮನೆ ಲೆಕ್ಕದಲ್ಲೇ ಹೇಳ್ತೀನಿ. ಬಿಸಿ ರಾಗಿಮುದ್ದೆ ತಟ್ಟೇಲಿ ಉಂಡೆಯಾಗೇ ಇದ್ರೆ ಅರ್ಧ ಗಂಟೆ ಆದ್ರೂ ಒಳಗೆ ಸುಡ್ತದೆ. ಅದೇ ಚಿತ್ರಾನ್ನಕ್ಕೆ ಅನ್ನ ಆರಬೇಕಂದ್ರೆ ಅಗಲ ತಟ್ಟೆಗೆ ಹರಡಿ ಬೀಸಣಿಗೆ ಬೀಸ್ತೀವಿ. ಚಿಪ್ಪು ಅನ್ನೋದು ಮುದ್ದೆ. ಅದರ ಮೇಲೆ ಹಲ್ಲುಹಲ್ಲಿನ ಅಲ್ಯೂಮಿನಿಯಂ ತುಂಡು ಕೂರಿಸ್ತಾರಲ್ಲ, ಹೀಟ್ ಸಿಂಕ್ ಅಂತ, ಅದು ಹರಡೋ ತಟ್ಟೆ. ಹಲ್ಲು ಜಾಸ್ತಿ ಇದ್ದಷ್ಟೂ ಗಾಳಿಗೆ ತಾಗೋ ಮೈ ಜಾಸ್ತಿ. ಫ್ಯಾನು ಬೀಸಣಿಗೆ. ತಾಮ್ರ ಅಲ್ಯೂಮಿನಿಯಂಗಿಂತ ಬೇಗ ಶಾಖ ಹರಡ್ತದೆ, ನಮ್ಮ ಪಾತ್ರೆ ತಳಕ್ಕೆ ತಾಮ್ರ ಹಾಕ್ಸೋದೂ ಅದಕ್ಕೇ. ಆದರೆ ಬೆಲೆ ಜಾಸ್ತಿ, ತೂಕವೂ ಜಾಸ್ತಿ.

ಚಿಪ್ಪಿಗೂ ತಗಡಿಗೂ ನಡುವೆ ಮೆತ್ತನೆ ರಬ್ಬರಿನಂಥ ಒಂದು ಚೂರು ಇಡ್ತಾರೆ, ಥರ್ಮಲ್ ಪ್ಯಾಡ್ ಅಂತ. ಅದ್ಯಾಕೆ? ಅಕ್ಕಿರೊಟ್ಟಿ ತಟ್ಟುವಾಗ ಹೆಂಚಿಗೆ ಎಲ್ಲಿ ಅಂಟಲ್ವೋ ಅಲ್ಲಿ ಬೇಯಲ್ಲ, ನಡುವೆ ಗಾಳಿ ಕೂತಿರ್ತದೆ. ಇಲ್ಲೂ ಹಂಗೇ. ಕಣ್ಣಿಗೆ ನುಣ್ಣಗೆ ಕಂಡ್ರೂ ಎರಡು ಲೋಹದ ನಡುವೆ ಸಂದು ಇರ್ತದೆ, ಗಾಳಿ ಶಾಖ ದಾಟಿಸೋದ್ರಲ್ಲಿ ಬಲು ಸೋಮಾರಿ. ಆ ಸಂದನ್ನ ಪ್ಯಾಡು ತುಂಬ್ತದೆ. ಸಂದಿಗಿಂತ ತೆಳ್ಳಗಿದ್ರೆ ತಾಗಲ್ಲ, ತೀರಾ ದಪ್ಪ ಆದ್ರೆ ಹಲಗೆ ಬಗ್ತದೆ. ಅದಕ್ಕೇ ಡಬ್ಬಿ ಬಿಚ್ಚೋ ಕೆಲಸ ಬಲ್ಲವರಿಗೇ ಬಿಡಿ. ಕಂಪನಿಯವರು ಬಾಡಿಗೆಗೆ ಕೊಟ್ಟ ಡಬ್ಬಿಯಾದ್ರೆ ಮುಟ್ಟಲೇಬೇಡಿ, ಅದು ನಿಮ್ಮದಲ್ಲ, ಸೀಲು ಕಿತ್ರೆ ತಕರಾರು. ಆಚೆಯಿಂದ ಮಾಡೋ ಉಪಾಯವೇ ನಮಗೆ ಸಾಕು.

ಫ್ಯಾನಿನ ಬಗ್ಗೆ ಒಂದು ತಿಳ್ಕೊಳ್ಳಿ. ಫ್ಯಾನು ತಂಪು ಹುಟ್ಟಿಸಲ್ಲ, ಬಿಸಿ ಗಾಳಿ ತಳ್ಳಿ ಕೋಣೆ ಗಾಳಿ ತರ್ತದೆ ಅಷ್ಟೆ. ಕೋಣೇನೇ ಒಲೆಯಂಗಿದ್ರೆ ಫ್ಯಾನು ಒಲೆ ಗಾಳೀನೇ ಬೀಸ್ತದೆ. ಅದಕ್ಕೆ ಮೊದಲು ಜಾಗ, ಆಮೇಲೆ ಸ್ಟ್ಯಾಂಡು, ಕೊನೆಗೆ ಫ್ಯಾನು. ಅರಕಲಗೂಡಿನ ಕಡೆ ಹೊಗೆಸೊಪ್ಪು ಬ್ಯಾರನ್ ಕಂಡಿರೋರಿಗೆ ಇದು ಬಿಡಿಸಿ ಹೇಳ್ಬೇಕಿಲ್ಲ. ಕೆಳಗೆ ಕಿಂಡಿ, ಮೇಲೆ ಕಿಂಡಿ, ಕೆಳಗಿಂದ ಗಾಳಿ ಬಂದು ಮೇಲಿಂದ ಬಿಸಿ ಹೋಗ್ತದೆ. ಕಿಂಡಿ ಎಷ್ಟು ತೆಗೀಬೇಕು ಅನ್ನೋದ್ರಲ್ಲೇ ರಾಮನಾಥಪುರದ ಹರಾಜಿನಲ್ಲಿ ಸಿಗೋ ಬೆಲೆ ಐತೆ. ರೂಟರಿನ ತೂತುಗಳೂ ಅದೇ ಕಿಂಡಿ. ಮಲಗಿಸಿದ್ರೆ ಕೆಳಗಿನ ಕಿಂಡಿ ಮುಚ್ತದೆ, ನಿಲ್ಲಿಸಿದ್ರೆ ಇಲ್ಲಾ ಎರಡು ಬೆರಳು ಎತ್ತರಿಸಿದ್ರೆ ತೆರೀತದೆ. ಮೊದಲ ದಿನ ಎರಡು ಬಾಟಲಿ ಮುಚ್ಚಳ ಕೆಳಗಿಟ್ಟು ನೋಡಿ, ಖರ್ಚಿಲ್ಲದ ಕೂಲಿಂಗು.

ನಾವು ಹೆಂಗಸರು ಮನೆಗೆ ಏನೇ ಬಂದ್ರೂ ಅದಕ್ಕೊಂದು ಅಂಗಿ ತೊಡಿಸೋರು. ರೇಡಿಯೋಗೆ ಕ್ರೋಷಾ, ಫೋನಿಗೆ ವೆಲ್ವೆಟ್ಟು, ಟೀವಿಗೆ ಕಸೂತಿ ಪರದೆ, ಮಿಕ್ಸಿಗೂ ಕವರ್. ಆರಿಸಿಟ್ಟ ಯಂತ್ರಕ್ಕೆ ಅದು ಸರಿ, ಧೂಳು ಬೀಳಲ್ಲ. ರೂಟರ್ ಯಾವತ್ತೂ ಆರಲ್ಲ, ಅದಕ್ಕೆ ಅಂಗಿ ಬ್ಯಾಡ. ಆಯುಧಪೂಜೆಗೆ ವಿಭೂತಿ, ಕುಂಕುಮ, ಹೂವು ಇಡೋರು ಮುಂಭಾಗಕ್ಕೆ ಇಡಿ, ತೂತಿನ ಮೇಲೆ ಬ್ಯಾಡ. ಒದ್ದೆ ಬಟ್ಟೆ ಹೊದಿಸೋದು, ಐಸ್ ಇಡೋದು ಖಂಡಿತ ಬ್ಯಾಡ. ಹೂಜಿ ಒದ್ದೆ ಇದ್ದು ತಣ್ಣಗಾಗೋದು ನಿಜ, ಹೂಜಿಯೊಳಗೆ ಕರೆಂಟಿಲ್ಲ.

ಫ್ಯಾನು ತಗೊಳ್ಳುವಾಗ 5 ವೋಲ್ಟಿನ ಯುಎಸ್‌ಬಿಯದು ಸಾಕು. ಅದನ್ನ ರೂಟರಿನ ಹಿಂದಿನ ತೂತಿಗೇ ಚುಚ್ಚಿದ್ರೆ ರೂಟರಿನ ಅಡಾಪ್ಟರಿಗೇ ಹೊರೆ, ಹಳೇ ಮೊಬೈಲ್ ಚಾರ್ಜರಿಗೆ ಹಾಕಿ. ಒಂದೂವರೆ ವ್ಯಾಟಿನ ಫ್ಯಾನು ಹಗಲೂ ರಾತ್ರಿ ಓಡಿದ್ರೂ ತಿಂಗಳಿಗೆ ಸುಮಾರು ಒಂದು ಯೂನಿಟ್ಟು. 10 ವ್ಯಾಟಿನ ರೂಟರಿಗೇ ಏಳು ಯೂನಿಟ್ ಹೋಗ್ತದೆ. ಸದ್ದು ಮಾಡೋ ಸಣ್ಣ ಫ್ಯಾನಿಗಿಂತ ನಿಧಾನಕ್ಕೆ ತಿರುಗೋ ಅಗಲದ್ದು ವಾಸಿ. ತಿಂಗಳಿಗೊಂದು ಸಲ ಸ್ವಿಚ್ ಆರಿಸಿ, ಒಣ ಬ್ರಷ್ಷಿನಲ್ಲಿ ಧೂಳು ತೆಗೀರಿ. ಫ್ಯಾನು ಗಾಳಿ ಜೊತೆ ಧೂಳನ್ನೂ ಎಳೀತದೆ, ಬೆಚ್ಚಗಿನ ಜಾಗ ಅಂತ ಇರುವೆ, ಜಿರಳೆ, ಹಲ್ಲಿ ಸಂಸಾರ ಹೂಡ್ತವೆ.

ಊರಿಗೊಂದು ಮಾತು ಹೇಳಿ ಮುಗಿಸ್ತೀನಿ. ಚನ್ನರಾಯಪಟ್ಟಣದ ಕಡೆ ಬಿಸಿಲೂ ಧೂಳೂ ಹೆಚ್ಚು, ಅಟ್ಟದಿಂದ ಇಳಿಸಿ, ಬ್ರಷ್ಷು ಕೈಲಿರಲಿ. ಹೊಳೆನರಸೀಪುರದವರು ಹೇಮಾವತಿ ಕಡೆ ಗಾಳಿ ಬರೋ ಕಿಟಕಿ ನೋಡ್ಕೊಳ್ಳಿ. ಅರಕಲಗೂಡಿನವರಿಗೆ ಮುಂಗಾರು ಹಿಡಿದ್ರೆ ಫ್ಯಾನು ಬೇಕಿಲ್ಲ, ತೇವದಲ್ಲಿ ಬೀಸದಿದ್ರೇ ಒಳ್ಳೇದು, ಗುಡುಗು ಸಿಡಿಲಿಗೆ ಪ್ಲಗ್ಗು ಕೀಳೋದು ಮರೀಬೇಡಿ. ಹಾಸನದವರು ಫ್ರಿಜ್ಜಿನ ಮೇಲೆ, ಟೀವಿ ಹಿಂದೆ, ಇನ್ವರ್ಟರ್ ತಾವ ಮಡಗಿದ್ರೆ ಇವತ್ತೇ ಎತ್ತಿ ಬೇರೆ ಕಡೆ ಇಡಿ. ಎಷ್ಟೋ ಮನೇಲಿ ಫ್ಯಾನು ಕೊಳ್ಳೋ ಖರ್ಚೇ ಉಳೀತದೆ. ನಿಮ್ಮ ಮನೇಲಿ ಮಧ್ಯಾಹ್ನ ಲೈನು ಬಿಡ್ತಿದ್ರೆ, ನಮ್ಮ ಹುಡುಗಿ ಬರೆದಂಗೆ ಹತ್ತು ದಿನ ಬರೆದು ನೋಡಿ, ನನಗೂ ತಿಳಿಸಿ.